ಒಂದು ಹಾರ್ಡ್ ಡಿಸ್ಕ್, ಮೂರು ಕಂಪ್ಯೂಟರ್
(ಅಲ್ ಖೋಬರ್‌ನ ಕುಟುಂಬ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಂಪ್ಯೂಟರ್ ವಿಷಯ ಅಂದ ಕೂಡಲೇ ಹಿಂದಿನ ಸಾಲಿನ ಕೆಲವರು ಚಹಾದ ಕಡೆ ನೋಡಿದ್ದು ನಮಗೆ ಕಾಣ್ತು. ಹೆಚ್ಚು ಹೊತ್ತು ತಗೊಳ್ಳುವುದಿಲ್ಲ. ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳ್ತೇವೆ. ನಿಮ್ಮ ಮನೆಯಲ್ಲಿ ಅದು ಆಗದಿದ್ದರೆ ಸಾಕು.

ನಾವು ತುಕ್ಬಾದಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟಿನವರು. ಎರಡು ಮನೆ ಸೇರಿ ಮೂರು ಕಂಪ್ಯೂಟರ್: ಎರಡು ವಿಂಡೋಸ್, ಒಂದು ಮ್ಯಾಕ್. ಎಲ್ಲರೂ ರಿಯಾಲ್ ಹಾಕಿ 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆವು. ಮೊದಲು ಮ್ಯಾಕ್‌ಗೆ ಹಾಕಿ, ಅದರ ರೀತಿಯಲ್ಲೇ ಫಾರ್ಮ್ಯಾಟ್ ಮಾಡಿದೆವು. ಮಕ್ಕಳ ಫೋಟೋ, ಸರ್ಟಿಫಿಕೇಟ್, ಊರಿನಿಂದ ಉಮ್ಮ ಕಳಿಸ್ತಿದ್ದ ವಾಯ್ಸ್ ಮೆಸೇಜ್, ಎಲ್ಲ ಅದರೊಳಗೆ. ಲ್ಯಾಪ್‌ಟಾಪ್ ತುಂಬಿತ್ತು ಅಂತ ಅಲ್ಲಿದ್ದದ್ದನ್ನು ಅಳಿಸಿದೆವು. ಹಳೇ ಫೋನನ್ನೂ ಮಾರಿ ಆಗಿತ್ತು.

ಕೆಲವು ತಿಂಗಳ ನಂತರ ಅದೇ ಡಿಸ್ಕನ್ನು ಪಕ್ಕದ ಮನೆಯ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದೆವು. 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳಿತು. ಒತ್ತಿಬಿಟ್ಟೆವು. ಡಿಸ್ಕ್ ಖಾಲಿ ಕಂಡಿತು. ಆಗಲೂ ಗೊತ್ತಾಗಲಿಲ್ಲ ಮಾರಾಯ್ರೇ, ಅದರ ಮೇಲೆ ಸಿನಿಮಾ, ವೀಡಿಯೋ ತುಂಬಿಸಿದೆವು. ಉಮ್ಮ ತೀರಿಹೋಗಿ ಆಗ ಎಂಟು ತಿಂಗಳು. ಮಯ್ಯತ್ತಿಗೆ ತಲುಪಲು ನಮಗೆ ಆಗಿರಲಿಲ್ಲ. ಉಳಿದದ್ದು ಆ ದನಿ ಮಾತ್ರ. ರಿಪೇರಿ ಅಂಗಡಿಯವರು ಒಂದಷ್ಟು ಫೋಟೋ ಹೊರತೆಗೆದರು. ದನಿ ಸಿಗಲಿಲ್ಲ.

ಈಗ ಕಾರಣ ಗೊತ್ತುಂಟು. ಮ್ಯಾಕ್‌ನ ಫಾರ್ಮ್ಯಾಟನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಡಿಸ್ಕ್ ಹಾಳಾಗಿದೆ ಎನ್ನುವ ಹಾಗೆ ಫಾರ್ಮ್ಯಾಟ್ ಕೇಳುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಅದರಲ್ಲಿ ಬರೆಯಲು ಬಿಡುವುದಿಲ್ಲ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ. ಎರಡೂ ಬಗೆಯ ಕಂಪ್ಯೂಟರ್ ಇರುವ ಮನೆಗೆ ಎಕ್ಸ್‌ಫ್ಯಾಟ್ ಸರಿ. ಆದರೆ ಇದನ್ನು ಹೊಸ, ಖಾಲಿ ಡಿಸ್ಕಿನಲ್ಲಿ ಮೊದಲೇ ಮಾಡಬೇಕು. ಯಾಕಂದ್ರೆ ಫಾರ್ಮ್ಯಾಟ್ ಅಂದರೆ ಇದ್ದದ್ದೆಲ್ಲ ಹೋದ ಹಾಗೆ. ತಪ್ಪಿ ಒತ್ತಿದರೆ ಅಲ್ಲಿಗೇ ನಿಲ್ಲಿಸಿ, ಒಂದು ಫೈಲನ್ನೂ ಹಾಕಬೇಡಿ. ಕ್ವಿಕ್ ಫಾರ್ಮ್ಯಾಟ್ ಸಾಮಾನ್ಯವಾಗಿ ಪುಸ್ತಕದ ವಿಷಯಸೂಚಿಯನ್ನು ಹರಿದ ಹಾಗೆ. ಪುಟಗಳು ಒಳಗೇ ಇರುತ್ತವೆ. ಅದರ ಮೇಲೆ ಹೊಸದು ಬರೆದಾಗಲೇ ಹಳೆಯದು ಅಳಿಯುವುದು. ನಮ್ಮದು ಹೋದದ್ದು ಹಾಗೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಲ್ಯಾಪ್‌ಟಾಪಿನಿಂದ ಅಳಿಸಿದ ಮೇಲೆ ಡಿಸ್ಕಿನಲ್ಲಿ ಇದ್ದದ್ದು ಬ್ಯಾಕಪ್ ಅಲ್ಲ, ಒಂದೇ ಒಂದು ಪ್ರತಿ. ಬ್ಯಾಕಪ್ ಅಂದರೆ ಎರಡನೆಯದು. ಬಲ್ಲವರು 3-2-1 ಅಂತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ನಮಗೆ ಆ ಬೇರೆ ಜಾಗ ಹುಡುಕಬೇಕಾಗಿಲ್ಲ, ಊರು ಉಂಟಲ್ಲ! ರಜೆಗೆ ಹೋಗುವಾಗ ಎರಡನೇ ಡಿಸ್ಕನ್ನು ತಗೊಂಡು ಹೋಗಿ ಮನೆಯ ಕಪಾಟಿನಲ್ಲಿಡಿ.

ಡಿಸ್ಕನ್ನು ರೂಟರಿನ ಯುಎಸ್‌ಬಿಗೆ ಹಾಕಿದರೆ ಮನೆಯ ಎಲ್ಲ ಕಂಪ್ಯೂಟರಿಗೂ ಸಿಗ್ತದಲ್ಲ ಅಂತ ಕೇಳಬಹುದು. ರೂಟರಿನಲ್ಲಿ ಆ ಸೌಲಭ್ಯ ಇದ್ದರೆ ಸಿಗ್ತದೆ, ಅನುಕೂಲವೇ. ಆದರೆ ಸದಾ ಜೋಡಿಸಿಟ್ಟ ಡಿಸ್ಕಿಗೆ ವೈರಸ್ ಕೂಡ ತಲುಪ್ತದೆ. ದೂರ ಹೋಗಬೇಡಿ, ನಮ್ಮ ಪಕ್ಕದ ದಹ್ರಾನನ್ನೇ ನೋಡಿ. 2012ರ ಆಗಸ್ಟ್ 15ರಂದು, ರಮಳಾನಿನ ಕೊನೆಯ ದಿನಗಳಲ್ಲಿ, ಶಮೂನ್ ಎಂಬ ವೈರಸ್ ಸೌದಿ ಅರಾಮ್ಕೋದ ಸುಮಾರು 30,000 ಕಂಪ್ಯೂಟರ್‌ಗಳಿಗೆ ಬಡಿಯಿತು. ಫೈಲುಗಳನ್ನು ಅಳಿಸಿಹಾಕುವುದೇ ಅದರ ಕೆಲಸ. ತೈಲ ತೆಗೆಯುವ ವ್ಯವಸ್ಥೆಗೆ ಮಾತ್ರ ಪೆಟ್ಟಾಗಲಿಲ್ಲ. ಅದು ಬೇರೆ ನೆಟ್‌ವರ್ಕಿನಲ್ಲಿತ್ತು. ಅಷ್ಟು ದೊಡ್ಡ ಕಂಪನಿಯ ಪಾಠ ನಮ್ಮ ಎರಡು ಕೋಣೆಯ ಮನೆಗೂ ಆಗ್ತದೆ: ಪ್ರತಿ ಮಾಡಿ ಆದ ಕೂಡಲೇ ಡಿಸ್ಕ್ ಬಿಡಿಸಿಡಿ. ಎಳೆದು ತೆಗೆಯಬೇಡಿ, ಇಜೆಕ್ಟ್ ಒತ್ತಿಯೇ ತೆಗೆಯಿರಿ.

ಈಗ ನಾವು ಮಾಡುವುದು ಇಷ್ಟು. ಒಂದು ಕುಟುಂಬಕ್ಕೆ ಒಂದು ಡಿಸ್ಕ್. ಮನೆಯವರ ಫೋಟೋ, ಪಾಸ್‌ಪೋರ್ಟ್ ಪ್ರತಿ ಇರುವ ಡಿಸ್ಕ್ ಫ್ಲ್ಯಾಟಿನಿಂದ ಫ್ಲ್ಯಾಟಿಗೆ ಹೋಗುವುದು ಸರಿಯಲ್ಲ. ಪ್ರತಿ ಕಂಪ್ಯೂಟರಿಗೆ ಬೇರೆ ಫೋಲ್ಡರ್, ಅದರಲ್ಲಿ ತಾರೀಕು. ತಿಂಗಳ ಮೊದಲ ಶುಕ್ರವಾರ ಪ್ರತಿ ಮಾಡುವುದು, ನಾಲ್ಕೈದು ಫೈಲ್ ತೆರೆದು ನೋಡುವುದು; ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಡಿಸ್ಕನ್ನು ಕಾರಿನಲ್ಲಿ ಬಿಡುವುದಿಲ್ಲ, ಇಲ್ಲಿಯ ಬೇಸಿಗೆ ನಿಮಗೆ ಗೊತ್ತೇ ಇದೆ.

ರೂಮಿನಲ್ಲಿ ಒಂಟಿಯಾಗಿರುವ ಸಹೋದರರಿಗೂ ಒಂದು ಮಾತು. ನಿಮ್ಮ ಕೆಲಸದ ಕರಾರು, ಸಂಬಳದ ಚೀಟಿ, ಇಕಾಮ ಪ್ರತಿ ಫೋನಿನಲ್ಲಿ ಮಾತ್ರ ಇದ್ದರೆ, ಫೋನ್ ಕಳೆದ ದಿನ ನಿಮ್ಮ ಹಕ್ಕಿಗೆ ಸಾಕ್ಷಿಯೂ ಕಳೆದ ಹಾಗೆ. ಕಂಪ್ಯೂಟರ್ ಇರುವ ಯಾರ ಮನೆಗಾದರೂ ಬನ್ನಿ, ಒಂದು ಪೆನ್‌ಡ್ರೈವ್ ತನ್ನಿ, ನಾವು ಪ್ರತಿ ಮಾಡಿ ಕೊಡ್ತೇವೆ.

ಇವತ್ತು ರಾತ್ರಿ ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ವಾಟ್ಸ್‌ಆ್ಯಪ್‌ನ ವಾಯ್ಸ್ ನೋಟ್ಸ್ ಫೋಲ್ಡರನ್ನು ಪ್ರತಿ ಮಾಡಿ. ಆಮೇಲೆ ಉಮ್ಮನಿಗೆ ಒಂದು ಕಾಲ್ ಮಾಡಿ. ಇರುವವರು ಇನ್ನೂ ಮಾತಾಡ್ತಾರೆ. ಆ ಭಾಗ್ಯ ಯಾವ ಡಿಸ್ಕಿನಲ್ಲಿಯೂ ಸಿಗುವುದಿಲ್ಲ.

ಇನ್ನು ಚಹಾ ಕುಡಿಯಬಹುದು.