ವಾಡಿಕೆ ಮಳೆ ಅಂದರೆ ಎಷ್ಟು ವರ್ಷದ ಮಳೆ?

(ಬೆಳ್ಳಿ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲ ಮಳಿ ಕಡಿಮಿ ಅಂತ ನಾವು ಕಟ್ಟಿ ಮ್ಯಾಲೆ ಕುಂತು ಹೇಳ್ತೀವಿ. ಯಾವುದಕ್ಕಿಂತ ಕಡಿಮಿ? ಬರ ಘೋಷಣೆಗೆ ವಾಡಿಕೆ ಮಳೆಗಿಂತ ಎಷ್ಟು ಕೊರತೆ ಎಂದು ನೋಡುತ್ತಾರೆ. ವಾಡಿಕೆಯೇ ತಪ್ಪಿದ್ದರೆ ಪರಿಹಾರವೂ ತಪ್ಪೀತು. ಅದಕ್ಕೇ ವಿಶ್ವ ಹವಾಮಾನ ಸಂಸ್ಥೆ 30 ವರ್ಷದ ಸರಾಸರಿಯನ್ನು ಪ್ರಮಾಣವಾಗಿ ಇಟ್ಟುಕೊಂಡಿದೆ.

ಒಂದು ಲೆಕ್ಕ ಹಾಕೋಣ. 9 ವರ್ಷ 600 ಮಿ.ಮೀ., ಒಂದು ವರ್ಷ ಮಾತ್ರ 1,200 ಅಂತ ಇಟ್ಟುಕೊಳ್ರಿ. ನಮ್ಮ ಕಡೆ 2009ರ ನೆರೆ ಯಾರೂ ಮರೆತಿಲ್ಲ. 10 ವರ್ಷದ ಸರಾಸರಿ 660 ಆಗ್ತದ. ಉಳಿದ 29 ವರ್ಷ 600 ಇದ್ದರೆ 30 ವರ್ಷದ್ದು 620 ಅಷ್ಟೇ. ದಾಖಲೆಯೆಲ್ಲ ಬರದ ವರ್ಷಗಳದ್ದೇ ಆದರೆ ಇನ್ನೂ ಕಷ್ಟ: ನಿಜವಾದ ಬರವೇ ವಾಡಿಕೆ ಅನಿಸಿಬಿಡ್ತದ! (ಸಿಂಧನೂರಿನ ಭತ್ತದ ಗದ್ದಿ ನೋಡಿ ಅಲ್ಲಿ ಮಳಿ ಜಾಸ್ತಿ ಅನ್ನಬ್ಯಾಡ್ರಿ, ಅದು ತುಂಗಭದ್ರಾ ಕಾಲುವೆ ನೀರು.)

ಮಸ್ಕಿ ತಾಲೂಕಾಗಿದ್ದು 2018ರ ಸುಮಾರಿಗೆ. ಅದರ ಊರುಗಳು ಮೊದಲು ಲಿಂಗಸುಗೂರು, ಸಿಂಧನೂರು, ಮಾನ್ವಿಗೆ ಸೇರಿದ್ದವು. ಹಳೆಯ ಮಳೆಮಾಪಕಗಳ ಲೆಕ್ಕ ಕೂಡಿಸದೆ ತಾಲೂಕಿನ ವಾಡಿಕೆ ಸಿಗುವುದಿಲ್ಲ. ಮಾಪಕದ ಜಾಗ ಬದಲಾದರೂ ಲೆಕ್ಕ ತುಂಡಾಗ್ತದ.

ನಮ್ಮ ಸಂಘದಾಗ 25 ವರ್ಷದ ಸಾಲದ ಖಾತೆ ಪೈಸೆ ಸಮೇತ ಅದಾವ. ಮಳೆ ಬರೆದ ಒಂದು ನೋಟುಬುಕ್ಕಿಲ್ಲ. ಯಾರ ಮನೆಯಲ್ಲಾದರೂ ಹಳೆ ಪಂಚಾಂಗದ ಅಂಚಿನಲ್ಲಿ ಮಳೆ ಬರೆದಿದ್ದರೆ ಸಂಘಕ್ಕೆ ತಂದುಕೊಡ್ರಿ.