ಒಂದೇ ಕಣ್ಣಿನ ಕುರಿಮರಿ ಮತ್ತು ಒಂದು ಕ್ಯಾನ್ಸರ್ ಔಷಧಿ

ಫೋನ್ ಹಿಡ್ಕೊಂಡಿರೋ ನಿಮ್ಮ ಕೈಯನ್ನೇ ಒಮ್ಮೆ ನೋಡಿ. ಹೆಬ್ಬೆರಳು ಒಂದು ಕಡೆ, ಕಿರುಬೆರಳು ಇನ್ನೊಂದು ಕಡೆ. ತಾಯಿಯ ಹೊಟ್ಟೆಯಲ್ಲಿ ಕೈ ಬೆಳೆಯುವಾಗ ಯಾವ ಬೆರಳು ಎಲ್ಲಿ ಬರಬೇಕು ಅಂತ ಹೇಳಿದ್ದು ಯಾರು?

ಜೀವಕೋಶಗಳೇ. ಒಂದು ಕೋಶ ಪ್ರೋಟೀನ್ ಹೊರಗೆ ಬಿಡುತ್ತೆ. ಸುತ್ತಲಿನ ಕೋಶಗಳು ಅದನ್ನು ಹಿಡಿದು, ತಮ್ಮೊಳಗಿನ ಜೀನ್‌ಗಳನ್ನು ಆನ್ ಅಥವಾ ಆಫ್ ಮಾಡ್ತವೆ. ಇದೇ ಸೆಲ್ ಸಿಗ್ನಲಿಂಗ್. ಕಿರುಬೆರಳಿನ ಕಡೆಯಿಂದ ಹೊರಡೋ ಆ ಪ್ರೋಟೀನ್ ಹೆಸರು ಸೋನಿಕ್ ಹೆಡ್ಜ್‌ಹಾಗ್. ಹೌದು, ವಿಡಿಯೊ ಗೇಮ್‌ನ ಸೋನಿಕ್ ಹೆಸರೇ!

ಈಗ ಅಮೆರಿಕದ ಐಡಾಹೊಗೆ ಹೋಗೋಣ. 1950ರ ದಶಕ. ಅಲ್ಲಿನ ಮಂದೆಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಕುರಿಮರಿಗಳು ಹುಟ್ತಾ ಇದ್ದವು. ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದರು. ಕಾರಣ, ಬೆಟ್ಟದ ಮೇಲೆ ಬೆಳೆಯೋ ಕಾರ್ನ್ ಲಿಲಿ ಅನ್ನೋ ಗಿಡ. ಗಬ್ಬದ ಕುರಿ ಸುಮಾರು 14ನೇ ದಿನ ಅದನ್ನು ತಿಂದರೆ ಮರಿಗೆ ಒಂದೇ ಕಣ್ಣು. ಗಿಡದಲ್ಲಿದ್ದ ವಿಷಕ್ಕೆ ಸೈಕ್ಲೋಪಮೈನ್ ಅಂತ ಹೆಸರಿಟ್ಟರು.

ಅದು ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಾಗಿದ್ದು 1998ರಲ್ಲಿ. ಭ್ರೂಣದಲ್ಲಿ ಕಣ್ಣಾಗಬೇಕಾದ ಜಾಗ ಮೊದಲು ಒಂದೇ ಇರುತ್ತೆ. ಅದನ್ನು ಎರಡಾಗಿ ಬೇರ್ಪಡಿಸೋದು ಹೆಡ್ಜ್‌ಹಾಗ್ ಸಿಗ್ನಲ್. ಸೈಕ್ಲೋಪಮೈನ್ ಆ ಸಿಗ್ನಲ್ಲನ್ನೇ ತಡೆಯುತ್ತೆ.

ಕಥೆ ತಿರುಗೋದು ಇಲ್ಲೇ. ಈ ಸಿಗ್ನಲ್ಲಿಗೆ ಪ್ಯಾಚ್ಡ್ ಅನ್ನೋ ಜೀನ್ ಬ್ರೇಕ್ ಇದ್ದ ಹಾಗೆ. ದೊಡ್ಡವರ ಚರ್ಮದಲ್ಲಿ ಈ ಬ್ರೇಕ್ ಕೆಟ್ಟರೆ ಸಿಗ್ನಲ್ ಆನ್ ಆಗೇ ಉಳಿಯುತ್ತೆ, ಕೋಶಗಳು ಬೆಳೀತಾನೇ ಹೋಗ್ತವೆ. ಬೇಸಲ್ ಸೆಲ್ ಕಾರ್ಸಿನೋಮ ಅನ್ನೋ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಹೀಗೆ. ಹಾಗಾದರೆ ಕುರಿಮರಿಗೆ ಕೇಡು ಮಾಡಿದ ದಾರಿಯಲ್ಲೇ ಇದನ್ನು ತಡೆಯಬಹುದಲ್ವಾ? ಸೈಕ್ಲೋಪಮೈನ್ ಹಿಡಿಯೋ ಸ್ಮೂದನ್ಡ್ ಅನ್ನೋ ಪ್ರೋಟೀನನ್ನೇ ಗುರಿ ಮಾಡಿದ ವಿಸ್ಮೊಡೆಗಿಬ್ ಮಾತ್ರೆಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಆಪರೇಷನ್, ರೇಡಿಯೇಷನ್ ಎರಡೂ ಆಗದ ರೋಗಿಗಳಿಗೆ ಒಂದು ದಾರಿಯಾಯ್ತು.

ಆದರೆ ಇದು ಪವಾಡ ಅಲ್ಲ. ಕೂದಲು ಉದುರುತ್ತೆ, ನಾಲಿಗೆಗೆ ರುಚಿ ಹೋಗುತ್ತೆ, ಯಾಕಂದ್ರೆ ಅಲ್ಲೂ ಇದೇ ಸಿಗ್ನಲ್ ಬೇಕು. ಕೆಲವರಲ್ಲಿ ಗೆಡ್ಡೆ ಮತ್ತೆ ಬೆಳೆಯುತ್ತೆ. ಗರ್ಭಿಣಿಯರಂತೂ ಇದನ್ನು ಮುಟ್ಟೋ ಹಾಗಿಲ್ಲ.

ನಾನು ಹೇಳೋದಿಷ್ಟೇ: ಸಿಗ್ನಲ್ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಯಾವಾಗ, ಎಲ್ಲಿ, ಎಷ್ಟು ಅನ್ನೋದೇ ಮುಖ್ಯ. ಇನ್ನೊಂದು ಮಾತು. ಆ ವಿಷ ಬಂದಿದ್ದು ಗಿಡದಿಂದಲೇ. ಮನೇಲಿ ಗರ್ಭಿಣಿ ಇದ್ದರೆ, 'ಗಿಡಮೂಲಿಕೆ ತಾನೇ, ಏನಾಗುತ್ತೆ' ಅಂತ ಡಾಕ್ಟರನ್ನು ಕೇಳದೆ ಏನನ್ನೂ ಕೊಡಬೇಡಿ.