ಸಿಂಗಳೀಕದ ನೆಂಟರು ಎಲ್ಲಿದ್ದಾರೆ?

ಮಂಗಳೂರಿನಿಂದ ಚಾರ್ಮಾಡಿ ಘಾಟಿ ಹತ್ತುವವರಿಗೆ ರಸ್ತೆಬದಿಯ ಮಂಗನನ್ನು ಪರಿಚಯಿಸಬೇಕಿಲ್ಲ. ಬಾಳೆಹಣ್ಣು ಕಂಡರೆ ಕಾರಿನೊಳಗೇ ಕೈ ಹಾಕುತ್ತದೆ. ಇದೇ ಪಶ್ಚಿಮಘಟ್ಟದ ಒಳಗಾಡಿನಲ್ಲಿ, ಹೆಚ್ಚಿನ ಹೊತ್ತು ಮರದ ಮೇಲೆಯೇ ಕಳೆಯುವ ಸಿಂಗಳೀಕವೂ ಇದೆ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೊಂದು ಕುಚ್ಚು. ಎರಡೂ ಒಂದೇ ಘಟ್ಟದವು, ಎರಡೂ ಮಕಾಕ ಕುಲದವು. ಅಣ್ಣತಮ್ಮಂದಿರೇ ಇರಬೇಕು ಅನ್ನಿಸುತ್ತದೆ. ಅಲ್ಲ.

1976ರಲ್ಲಿ ಅಮೆರಿಕದ ಪ್ರಾಣಿವಿಜ್ಞಾನಿ ಜ್ಯಾಕ್ ಫೂಡನ್ ಮಕಾಕಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಅವರು ಮುಖ್ಯವಾಗಿ ನೋಡಿದ್ದು ಮುಖವನ್ನಲ್ಲ, ಕೂದಲನ್ನಲ್ಲ. ಗಂಡುಗಳ ಜನನಾಂಗದ ಆಕಾರವನ್ನು. ನಗಬೇಡಿ. ಮೈಬಣ್ಣ ಮೋಸ ಮಾಡಬಹುದು, ಜನನಾಂಗದ ಆಕಾರ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ನಮ್ಮ ರಸ್ತೆಬದಿಯ ಮಂಗ ಸೇರಿದ್ದು ಶ್ರೀಲಂಕಾದ ಟೋಕ್ ಮಂಗ, ಅಸ್ಸಾಮಿನ ಮಂಗಗಳ ಗುಂಪಿಗೆ. 2005ರಲ್ಲಿ ಅರುಣಾಚಲದ ಬೆಟ್ಟಗಳಿಂದ ಹೊಸ ಪ್ರಭೇದವೆಂದು ವರ್ಣಿಸಲಾದ ಮಂಗವೂ ಈ ಬಳಗದ್ದೇ. ಸಿಂಗಳೀಕದ ನೆಂಟರು ಬೇರೆ: ಈಶಾನ್ಯ ಭಾರತದಿಂದ ಮಲಯಾ, ಸುಮಾತ್ರಾವರೆಗೆ ಹರಡಿರುವ ಹಂದಿಬಾಲದ ಮಂಗಗಳು, ಸುಲವೇಸಿ ದ್ವೀಪದ ಕಪ್ಪು ಮಂಗಗಳು. ಆಮೇಲೆ ಬಂದ ಡಿಎನ್‌ಎ ಅಧ್ಯಯನಗಳೂ ಈ ನೆಂಟಸ್ತಿಕೆಯನ್ನು ಒಪ್ಪಿದವು.

ಸಿಂಗಳೀಕಕ್ಕೂ ಈ ನೆಂಟರಿಗೂ ನಡುವೆ ಇಡೀ ಒಣ ದಖ್ಖನ್ ಇದೆ. ಮಳೆಕಾಡು ಒಂದು ಕಾಲದಲ್ಲಿ ಹೆಚ್ಚು ವಿಸ್ತಾರವಾಗಿತ್ತು, ಅದು ಕುಗ್ಗಿದಾಗ ಈ ಬಳಗದ ಒಂದು ಕವಲು ಘಟ್ಟದಲ್ಲಿ ಒಂಟಿಯಾಗಿ ಉಳಿಯಿತು ಎಂಬುದು ನನಗೆ ಒಪ್ಪುವ ವಿವರಣೆ. ಹಳೆಯ ಯುರೋಪಿಯನ್ನರು ಸಿಂಗಳೀಕವನ್ನು ಸಿಂಹಳದ ಪ್ರಾಣಿ ಎಂದುಕೊಂಡಿದ್ದರು. ಅಲ್ಲಿನ ಕಾಡಿನಲ್ಲಿ ಇದು ಇಲ್ಲವೇ ಇಲ್ಲ.

ಈಗ ಸಿಂಗಳೀಕ ಉಳಿದಿರುವುದು ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟಗಳಲ್ಲಿ ಮಾತ್ರ, ಅದೂ ತುಂಡುತುಂಡಾಗಿ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರ ಸಿಂಗಳೀಕ ಸಮೀಕ್ಷೆ ಒಂದು ಮುಖ್ಯ ಆಧಾರವಾಯಿತು. ಉತ್ತರದ ಕೊನೆಯ ದೊಡ್ಡ ನೆಲೆ ಶಿರಸಿ–ಹೊನ್ನಾವರದ ಕಾಡು. ಸಂಶೋಧಕರಾದ ಮೇವಾ ಸಿಂಗ್ ಮತ್ತು ಹೊನ್ನವಳ್ಳಿ ಕುಮಾರ ಅಲ್ಲಿ 30ಕ್ಕೂ ಹೆಚ್ಚು ಗುಂಪುಗಳನ್ನು ಗುರುತಿಸಿದರು. 2011ರಲ್ಲಿ ಅದೇ ಕಾಡಿನಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಅಲ್ಲಿ ಸಿಂಗಳೀಕ ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು. ಹೊರದೇಶದಲ್ಲಿ ಅದರ ಸಿಪ್ಪೆಯಿಂದ ಮೈ ಇಳಿಸುವ ಔಷಧಿ ಮಾಡುತ್ತಾರೆ, ಬೆಲೆ ಇದೆ. ಹಾಗಾಗಿ ಹಣ್ಣಾಗುವ ಮೊದಲೇ ಕೊಯ್ಯುವವರು ಇದ್ದಾರೆ. ಸಿಪ್ಪೆ ಒಣಗಿಸುವ ಒಲೆಗೆ ಸೌದೆಯೂ ಅದೇ ಕಾಡಿನಿಂದಲೇ ಬರುತ್ತದೆ.